ನಾನು ನೋಡಿದ ಮಟ್ಟಿಗೆ

ಅವಳಿಗೆ ಪಿಎಚ್‌ಡಿ ಆದ ಸಂತೋಷಕ್ಕೆ, ಹಿಂದೆ ಅವಳು ಓದಿದ ಕಾಲೇಜಿನವರು ಮೂಡುಬಿದಿರೆಯಲ್ಲಿ ಒಂದು ಸನ್ಮಾನ ಇಟ್ಟುಕೊಂಡಿದ್ದರು. ಹೈಸ್ಕೂಲಿನಲ್ಲಿ ಮೂರು ವರ್ಷ ಅವಳಿಗೆ ಕನ್ನಡ ಕಲಿಸಿದವಳೆಂದು ನನ್ನನ್ನೂ ಕರೆದು ಐದು ನಿಮಿಷ ಮಾತಾಡಿ ಎಂದರು. ನಾನು ಹನ್ನೆರಡು ನಿಮಿಷ ಮಾತಾಡಿದೆ. ಬೀಡಿ ಕಟ್ಟಿ ಸಾಕಿದ ತಾಯಿ, ಬಡತನ, ಛಲ, ಹೆಮ್ಮೆಯ ಶಿಷ್ಯೆ, ಹೀಗೆ ಸಭೆಗೆ ಏನೇನು ಬೇಕೋ ಅದೆಲ್ಲ. ಚಪ್ಪಾಳೆ ಜೋರಾಗಿಯೇ ಬಿತ್ತು. ಅವಳು ಹಾರ ಹಾಕಿಸಿಕೊಂಡು ವೇದಿಕೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಹೇಳಬೇಕಾಗಿದ್ದ ಒಂದು ಮಾತನ್ನು ನಾನು ನುಂಗಿಕೊಂಡೆ ಎಂಬುದು ಆ ಸಭೆಯಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಈಗ ಅವಳು ಇಲ್ಲಿಲ್ಲ. ದೂರದ ಯಾವುದೋ ಬೆಟ್ಟಸಾಲಿನಲ್ಲಿ ಕೆಲಸ ಸಿಕ್ಕಿ ಹೋಗಿದ್ದಾಳೆ. ಆ ಮಾತನ್ನು ಬರೆದುಬಿಡುತ್ತೇನೆ ಎಂದು ಮೊನ್ನೆ ಫೋನು ಮಾಡಿದೆ.

“ಬರೀರಿ ಟೀಚರ್. ನನ್ನ ಹೆಸರು ಬೇಡ. ಆ ಊರಿನ ಹೆಸರಂತೂ ಬೇಡವೇ ಬೇಡ. ಬೆಳ್ತಂಗಡಿ ತಾಲೂಕು ಅಂತ ಹಾಕಿ, ಸಾಕು.”

ಹಾಗಾಗಿ ಇಲ್ಲಿ ಅವಳಿಗೆ ಹೆಸರಿಲ್ಲ. ಊರಿಗೂ ಇಲ್ಲ.

ಎಂಟನೇ ತರಗತಿಯಲ್ಲಿ ಅವಳು ನನಗೆ ತಲೆಬಿಸಿಯ ವಿದ್ಯಾರ್ಥಿನಿಯಾಗಿದ್ದಳು. ತಂಟೆ ಮಾಡುತ್ತಿದ್ದಳೆಂದಲ್ಲ. ಒಂದು ಪ್ರಶ್ನೆ ಕೇಳಿದರೆ ನೆಟ್ಟಗೆ ಉತ್ತರ ಕೊಡುತ್ತಿರಲಿಲ್ಲ. ಒಮ್ಮೆ ಶಾಲೆಯ ಹೂಕುಂಡ ಒಡೆದಿತ್ತು. ಒಬ್ಬ ಹುಡುಗನ ಮೇಲೆ ಎಲ್ಲರೂ ಬೆರಳು ತೋರಿಸಿದರು. ನಾನು ಅವಳನ್ನು ಎಬ್ಬಿಸಿ, “ನೀನು ಅಂಗಳದಲ್ಲೇ ಇದ್ದೆಯಲ್ಲ, ಹೇಳು” ಅಂದೆ. ಅವಳು ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚುತ್ತ, “ನಾನು ನೋಡಿದ ಮಟ್ಟಿಗೆ ಅವನು ಕಲ್ಲು ಬಿಸಾಡಿದ ಟೀಚರ್. ಆದ್ರೆ ಕುಂಡಕ್ಕೆ ತಾಗಿದ್ದು ಅದೇ ಕಲ್ಲಾ ಅಂತ ನಾನು ನೋಡ್ಲಿಲ್ಲ” ಅಂದಳು.

“ನೀನೇನು ವಕೀಲಳಾ?” ಎಂದು ರೇಗಿ ಕೂರಿಸಿದೆ. ಕುಂಡವನ್ನು ಒಡೆದದ್ದು ನಮ್ಮ ಜವಾನನ ಸೈಕಲ್ಲು ಎಂದು ಸಂಜೆ ತಿಳಿಯಿತು. ಆ ಹುಡುಗನಿಗೆ ಅಷ್ಟರಲ್ಲಿ ಎರಡು ಪೆಟ್ಟು ಬಿದ್ದಾಗಿತ್ತು, ನನ್ನ ಕೈಯಿಂದಲೇ.

ಪ್ರಬಂಧದಲ್ಲೂ ಅದೇ ರಾಗ. ‘ನಾನು ನೋಡಿದ ಮಟ್ಟಿಗೆ ನಮ್ಮ ಊರು ಸುಂದರವಾಗಿದೆ’ ಎಂದು ಬರೆಯುತ್ತಿದ್ದಳು. ನಾನು ಮೊದಲ ಮೂರು ಪದಗಳನ್ನು ಕೆಂಪು ಪೆನ್ನಿನಿಂದ ಹೊಡೆದು ಹಾಕುತ್ತಿದ್ದೆ. ಮುಂದಿನ ಪ್ರಬಂಧದಲ್ಲಿ ಆ ಮೂರು ಪದ ಮತ್ತೆ ಹಾಜರಾಗುತ್ತಿದ್ದವು. ನನ್ನ ಕೆಂಪು ಪೆನ್ನೆಂದರೆ ಇಡೀ ಶಾಲೆ ನಡುಗುತ್ತದೆ ಎಂಬ ಜಂಬ ನನಗಿತ್ತು. ಇವಳೊಬ್ಬಳು ನಡುಗುತ್ತಲೂ ಇರಲಿಲ್ಲ, ಎದುರಾಡುತ್ತಲೂ ಇರಲಿಲ್ಲ.

ನಾನು ನಿವೃತ್ತಳಾಗಿ ಬಂಟ್ವಾಳದ ಪೇಟೆಯ ಮನೆಯಲ್ಲಿ ಕಾಲು ಚಾಚಿ ಕೂತಿದ್ದ ಕಾಲಕ್ಕೆ ಒಂದು ದಿನ ಬಂದಳು. ಕೈಯಲ್ಲಿ ಒಂದು ಮೊರ, ಹೆಗಲಲ್ಲಿ ಬಟ್ಟೆಯ ಚೀಲ. ಅಕ್ಕಿ ಗೇರಲಿಕ್ಕೆ ಬಂದೆಯಾ ಎಂದು ತಮಾಷೆ ಮಾಡಿದೆ. ಅವಳು ಜಗಲಿಯಲ್ಲಿ ಕೂತು ಚೀಲದಿಂದ ಒಂದು ಹಿಡಿ ಕೊಳೆತ ತರಗೆಲೆಯನ್ನು ಮೊರಕ್ಕೆ ಸುರಿದಳು. ಬೆರಳ ತುದಿಯಲ್ಲಿ ಎಲೆಗಳನ್ನು ಸರಿಸಿ, ಸಾಸಿವೆಯಷ್ಟು ದೊಡ್ಡದೊಂದನ್ನು ನನ್ನ ಅಂಗೈಯಲ್ಲಿಟ್ಟು ಭೂತಗನ್ನಡಿ ಕೊಟ್ಟಳು. ಒಳಗೆ ನೋಡಿದರೆ ಸುರುಳಿ ಸುತ್ತಿದ ಚಿಪ್ಪು. ಬಸವನಹುಳು! ಇಷ್ಟು ಸಣ್ಣ ಬಸವನಹುಳು ಇರುತ್ತದೆಂದು ನನಗೆ ಅರುವತ್ತೊಂದನೇ ವರ್ಷದಲ್ಲಿ ಗೊತ್ತಾಯಿತು.

ಅವಳ ಸಂಶೋಧನೆ ಅದರ ಮೇಲೆಯೇ. ನಮ್ಮ ಕಡೆ ಹಳೆಯ ಮನೆತನಗಳಿಗೆಲ್ಲ ಒಂದೊಂದು ನಾಗಬನ ಉಂಟು. ನಾಗನ ಕಲ್ಲುಗಳನ್ನಿಟ್ಟು, ತಲೆಮಾರುಗಳಿಂದ ಕತ್ತಿ ತಾಗಿಸದೆ ಬಿಟ್ಟ ತುಂಡು ಕಾಡು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಹನ್ನೆರಡು ಬನಗಳನ್ನು ಅವಳು ಆರಿಸಿಕೊಂಡಿದ್ದಳು. ಮೂರು ಮಳೆಗಾಲ ಪ್ರತಿ ಬನದ ತರಗೆಲೆಯಲ್ಲಿ ಯಾವ ಯಾವ ಬಸವನಹುಳು ಎಷ್ಟೆಷ್ಟು ಉಂಟೆಂದು ನೋಡುವುದು, ನೋಡಿದ ಮೇಲೆ ಎಲೆಗಳನ್ನು ತೆಗೆದ ಜಾಗದಲ್ಲೇ ಹರಡುವುದು. ವಿಶ್ವವಿದ್ಯಾನಿಲಯದವರು ಕೊಟ್ಟ ಬಿಳಿ ಪ್ಲಾಸ್ಟಿಕ್ ತಟ್ಟೆ ಅವಳ ಕೈಗೆ ಬಗ್ಗಲಿಲ್ಲವಂತೆ. ಅಮ್ಮ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಮೊರವನ್ನೇ ತಂದಿದ್ದಳು. “ಎಲೆಯ ಕೆಲಸಕ್ಕೆ ಇದೇ ಒಳ್ಳೇದು ಟೀಚರ್. ಸಣ್ಣದಿರುವಾಗಿಂದ ಕೈಗೆ ಅಭ್ಯಾಸ.”

ಊರವರು ಅವಳನ್ನು ‘ನರ್ತೆ ಹೆಕ್ಕುವ ಪೊಣ್ಣು’ ಎಂದೇ ಕರೆಯುತ್ತಿದ್ದರು, ತುಳುವಿನಲ್ಲಿ ಬಸವನಹುಳು ಹೆಕ್ಕುವ ಹುಡುಗಿ ಎಂದು. ಅವಳಿಗೆ ಅದರಿಂದ ಬೇಸರವಿರಲಿಲ್ಲ. ಶಾಲೆಗಳಿಗೆ ಹೋಗಿ ಮಕ್ಕಳಿಗೆ ಪಾಠ ಹೇಳುವಾಗ ತನ್ನ ಪರಿಚಯವನ್ನೂ ಹಾಗೆಯೇ ಮಾಡಿಕೊಳ್ಳುತ್ತಿದ್ದಳು. ತೋಡಾರಿನ ಕಡೆ ಒಂದು ಶಾಲೆಗೆ ನಾನೂ ಜೊತೆಗೆ ಹೋಗಿದ್ದೆ. ಅವಳು ಟಿಫಿನ್ ಡಬ್ಬಿ ತೆರೆದು ಹುಳಗಳನ್ನು ತೋರಿಸುತ್ತಿದ್ದಾಗ ಹಿಂದೆ ನಿಂತಿದ್ದ ಪೋಷಕರೊಬ್ಬರು, “ಅಕ್ಕ, ಇದೆಲ್ಲ ಇರ್ಲಿ. ನಮ್ಮ ಪಪ್ಪಾಯಿ ಗಿಡ ತಿಂದು ತೇಗುವ ದೊಡ್ಡ ಬಸವನಹುಳು ಉಂಟಲ್ಲ, ಅದು ಸಾಯ್ಲಿಕ್ಕೆ ಮದ್ದು ಉಂಟಾ?” ಎಂದು ಕೇಳಿದರು. ನನಗೆ ನಗು ಬಂತು. ಅವಳು ನಗಲಿಲ್ಲ. ಆ ದೊಡ್ಡದು ಹೊರದೇಶದಿಂದ ಬಂದದ್ದು, ಈ ಸಣ್ಣವು ಇಲ್ಲಿಯವು, ಒಂದರ ಸಿಟ್ಟನ್ನು ಇನ್ನೊಂದರ ಮೇಲೆ ತೀರಿಸಬೇಡಿ ಎಂದು ಅರ್ಧ ಗಂಟೆ ವಿವರಿಸಿ, ಅವರ ತೋಟಕ್ಕೂ ಹೋಗಿ ನೋಡಿಯೇ ಬಂದಳು. ವಾಪಸು ಬರುವ ಬಸ್ಸು ತಪ್ಪಿತು.

ಅವಳು ನನ್ನ ಹತ್ತಿರ ಬರುತ್ತಿದ್ದದ್ದು ಕನ್ನಡಕ್ಕಾಗಿ. ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ಲೇಖನ ಬರೆಯುತ್ತಿದ್ದಳು. ಮನೆಯಲ್ಲಿ ತುಳು, ಸಂಶೋಧನೆಯೆಲ್ಲ ಇಂಗ್ಲಿಷು, ಹಾಗಾಗಿ ಕನ್ನಡ ಒಣಗಿ ಹೋಗಿದೆ ಎಂಬುದು ಅವಳ ದೂರು. ನನಗೋ ಖುಷಿ. ಕೆಂಪು ಪೆನ್ನಿಗೆ ಮತ್ತೆ ಕೆಲಸ ಸಿಕ್ಕಿತ್ತು.

ಒಂದು ಸಂಗತಿಯಲ್ಲಿ ಮಾತ್ರ ನಾನು ಅವಳನ್ನು ಬೈದಿದ್ದೆ. ಬನದ ಕಟ್ಟಳೆಯಂತೆ ಮುಟ್ಟಿನ ದಿನಗಳಲ್ಲಿ ಹೆಂಗಸರು ಅತ್ತ ಹೋಗುವಂತಿಲ್ಲ. ಅವಳು ಎರಡು ಬಸ್ಸು ಬದಲಾಯಿಸಿ ಹೋಗಿ, ಮನೆಯವರನ್ನು ಕಂಡು, “ಇವತ್ತು ಬನಕ್ಕೆ ಬರುದಿಲ್ಲ” ಎಂದು ಹೇಳಿ ಬಂದ ದಾರಿಯಲ್ಲೇ ವಾಪಸಾದದ್ದುಂಟು. ಬರುತ್ತೇನೆಂದು ಮೊದಲೇ ಹೇಳಿದ್ದರೆ, ಬರದಿರುವುದನ್ನೂ ಎದುರು ನಿಂತೇ ಹೇಳಬೇಕೆಂಬುದು ಅವಳ ಪದ್ಧತಿ.

“ಯಾರಿಗೆ ಗೊತ್ತಾಗ್ತದೆ ಮಾರಾಯ್ತಿ? ಸುಮ್ಮನೆ ಹೋಗಿ ಕೆಲಸ ಮುಗಿಸುದಲ್ವಾ? ನೀನು ಕಲಿತವಳು,” ಅಂದೆ.

“ಅವರಿಗೆ ಗೊತ್ತಾಗುದಿಲ್ಲ ಟೀಚರ್. ನನಗೆ ಗೊತ್ತುಂಟಲ್ಲ. ಆ ಕಟ್ಟಳೆ ನಾನು ಒಪ್ಪುದಿಲ್ಲ. ಆದ್ರೆ ಬನ ಅವರದ್ದು.”

ಲೆಕ್ಕ ಮಾಡುವ ದಿನಗಳು ಏರುಪೇರಾದರೆ ಪಿಎಚ್‌ಡಿ ಪ್ರಬಂಧಕ್ಕೆ ತೊಂದರೆ ಎಂದು ಅವಳೇ ಹೇಳುತ್ತಿದ್ದಳು. ಆದರೂ ಬಿಡಲಿಲ್ಲ. ಮುಂದೆ ಪರೀಕ್ಷಕರು ಅದನ್ನೇ ಹಿಡಿದು ಕೇಳಿದರಂತೆ. ಕಾರಣವನ್ನು ಪ್ರಬಂಧದಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿದ್ದಳು.

ಇನ್ನು ನಾನು ಮಾಡಿದ ಕೆಲಸಕ್ಕೆ, ಸಭೆಯಲ್ಲಿ ನುಂಗಿಕೊಂಡ ಆ ಮಾತಿಗೆ ಬರುತ್ತೇನೆ. ಎರಡು ಮಳೆಗಾಲ ಮುಗಿದು ಮೂರನೆಯದಕ್ಕೆ ಅವಳು ಕಾಯುತ್ತಿದ್ದ ಏಪ್ರಿಲ್ ತಿಂಗಳು. ಚಾರ್ಮಾಡಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿರುವ ಒಂದು ಬನದ ಬಗ್ಗೆ ಲೇಖನ ಬರೆದು ನನಗೆ ಕಳಿಸಿದಳು. ಅದರಲ್ಲಿ ಹೀಗೊಂದು ವಾಕ್ಯ ಇತ್ತು: ‘ಇಲ್ಲಿ ಸಿಕ್ಕಿದ ಒಂದು ಬಗೆಯ ಬಸವನಹುಳು ನಾನು ನೋಡಿದ ಮಟ್ಟಿಗೆ ಉಳಿದ ಹನ್ನೊಂದು ಬನಗಳಲ್ಲಿ ಸಿಗಲಿಲ್ಲ.’ ಇದನ್ನು ಯಾರು ಓದುತ್ತಾರೆ ಎಂದು ನನಗೆ ಅನ್ನಿಸಿತು. ‘ಜಗತ್ತಿನ ಬೇರಾವ ಮೂಲೆಯಲ್ಲೂ ಕಾಣಸಿಗದ ಅಪೂರ್ವ ಜೀವಿಯೊಂದು ಇಲ್ಲಿ ಆಶ್ರಯ ಪಡೆದಿದೆ’ ಎಂದು ತಿದ್ದಿದೆ. ಅವಳ ಬಾಯಿಂದ ಕೇಳಿ ಗೊತ್ತಿದ್ದ ಊರಿನ ಹೆಸರನ್ನೂ ಮನೆತನದ ಹೆಸರನ್ನೂ ಸೇರಿಸಿದೆ.

ಫೋನು ಬಂತು. “ಟೀಚರ್, ನಾನು ಬರೆದದ್ದು ಹಾಗಲ್ಲ.”

“ಗೊತ್ತುಂಟು. ನೀನು ಬರೆದದ್ದು ಉಪ್ಪಿಲ್ಲದ ಗಂಜಿ.”

“ಹೆಸರಾದ್ರೂ ತೆಗೆಯುವ.”

“ಹೆಸರಿಲ್ಲದಿದ್ರೆ ನಂಬುವವರು ಯಾರು? ಆ ಮನೆಯವರಿಗೂ ಸಂತೋಷ ಆಗ್ತದೆ. ನಾನು ನಲುವತ್ತು ವರ್ಷ ಕನ್ನಡ ಕಲಿಸಿದವಳು, ನೀನು ಸುಮ್ಮನೆ ಕಳಿಸು.”

ಆ ಕಡೆ ಬೆರಳು ಮಡಚುತ್ತಿದ್ದಳೋ ಏನೋ. ಆಮೇಲೆ, “ಸರಿ ಟೀಚರ್” ಅಂದಳು. ಎಂಟನೇ ತರಗತಿಯಲ್ಲೂ ಸೋಲದವಳು ಅವತ್ತು ಸೋತಳು, ಗೆದ್ದದ್ದು ನನ್ನ ವಯಸ್ಸು ಮತ್ತು ನನ್ನ ಟೀಚರುತನ.

ಲೇಖನ ಭಾನುವಾರ ಬಂತು. ಸೋಮವಾರದ ಹೊತ್ತಿಗೆ ಮೂರು ತಾಲೂಕಿನ ವಾಟ್ಸಾಪ್‌ಗಳಲ್ಲೆಲ್ಲ ಓಡಾಡಿತು. ಎರಡು ವಾರ ಕಳೆದ ಮೇಲೆ, ಒಂದು ಗುರುವಾರ, ಆ ಮನೆಯ ಯಜಮಾನರು ಅವಳಿಗೆ ಸಂಭ್ರಮದಿಂದ ಫೋನು ಮಾಡಿದರು. ಗಲ್ಫಿನಲ್ಲಿರುವ ಅವರ ಅಳಿಯ, ಅಂದರೆ ಅಕ್ಕನ ಮಗ, ಲೇಖನ ಓದಿದ್ದ. ಜಗತ್ತಿನಲ್ಲೇ ಇಲ್ಲದ್ದು ನಮ್ಮ ಬನದಲ್ಲಿರುವಾಗ ನೋಡಲು ಬರುವ ಜನರಿಗೆ ಮುಳ್ಳುಪೊದೆ ತೋರಿಸುವುದಾ ಎಂದು ಅವನಿಗೆ ಅನ್ನಿಸಿತ್ತು. ಮಳೆ ಹಿಡಿಯುವ ಮೊದಲು ಜೀರ್ಣೋದ್ಧಾರ ಆಗಲೇಬೇಕು ಎಂದಿದ್ದ.

“ಸೋಮವಾರ ಮೆಷಿನ್ ಬರ್ತದೆ ಮಗಾ. ಬನ ಪೂರ ಕ್ಲೀನ್ ಮಾಡಿ, ಕರಿಕಲ್ಲಿನ ಕಟ್ಟೆ, ಸುತ್ತ ನೆಲಕ್ಕೆ ಇಂಟರ್‌ಲಾಕ್ ಇಟ್ಟಿಗೆ. ನಿನ್ನ ಹುಳದ್ದು ಒಂದು ಬೋರ್ಡೂ ಹಾಕುವ. ನೀನು ಬರ್ಬೇಕು.”

ಅವಳು ಇದನ್ನು ನನಗೆ ಹೇಳುವಾಗ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಸಾವಿರ ಸಲ ಬೇಡಿದರೂ ಸಿಗದ ಬನವನ್ನು ಅವರು ಪ್ರೀತಿಯಿಂದಲೇ ಅಳಿಸಲು ಹೊರಟಿದ್ದರು, ಪ್ರೀತಿ ಉಕ್ಕಿಸಿದ್ದು ನನ್ನ ವಾಕ್ಯ.

ಶನಿವಾರ ಬೆಳಿಗ್ಗೆ ಇಬ್ಬರೂ ಹೋದೆವು. ಅದು ಅಳಿಯಸಂತಾನದ ಮನೆ. ಯಜಮಾನಿಕೆ ತಮ್ಮನದ್ದಾದರೂ ವಂಶ ಬೆಳೆಯುವುದು ಅಕ್ಕನ ಕವಲಿನಲ್ಲಿ. ಆ ಅಕ್ಕ, ಗಲ್ಫಿನವನ ತಾಯಿ, ಎಂಬತ್ತರ ಹತ್ತಿರದವರು. ಅವಳು ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದಳು. ಬೆಲ್ಲ, ನೀರು ಕೊಟ್ಟು ಜಗಲಿಯಲ್ಲಿ ಕೂರಿಸಿದರು. ಮಾತೆಲ್ಲ ನಡೆದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಜ್ಜ, ಆ ಹುಳ ಬದುಕುದೇ ಕೊಳೆತ ಎಲೆಯಲ್ಲಿ. ಎಲೆ, ನೆರಳು ಹೋದ್ರೆ ಅದೂ ಹೋಗ್ತದೆ,” ಅಂದಳು.

“ಹೋಗ್ಲಿಕ್ಕೆ ಬಿಡ್ತೇವಾ? ಒಂದು ಮೂಲೆಯಲ್ಲಿ ತೊಟ್ಟಿ ಕಟ್ಟಿಸುವ. ಬೇಕಾದಷ್ಟು ಎಲೆ ಹಾಕುವ. ಜಗತ್ತಿನಲ್ಲೇ ಇಲ್ಲದ್ದಲ್ವಾ?”

ಅವಳು ಬೆರಳು ಮಡಚತೊಡಗಿದಳು.

“ಅಜ್ಜ, ಜಗತ್ತಿನಲ್ಲೇ ಇಲ್ಲ ಅಂತ ನನಗೆ ಗೊತ್ತಿಲ್ಲ. ಹನ್ನೊಂದು ಬನದಲ್ಲಿ ನನಗೆ ಸಿಗ್ಲಿಲ್ಲ, ಅಷ್ಟೇ. ಪೇಪರಿನಲ್ಲಿ ಬಂದದ್ದು ತಪ್ಪು.”

ಯಜಮಾನರ ಮುಖ ಒಮ್ಮೆಲೇ ಕಪ್ಪಾಯಿತು. “ಅದರಲ್ಲಿ ನಿನ್ನ ಹೆಸರು ಉಂಟಲ್ಲ?”

“ಉಂಟು.”

“ಹಾಗಾದ್ರೆ ಬರೆದದ್ದು ಯಾರು?”

ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಒಂದು ಮೊಳ ದೂರವೂ ಇರಲಿಲ್ಲ. ‘ನಾನು’ ಎಂದರೆ ಮುಗಿಯುತ್ತಿತ್ತು. ಆ ಮನೆಯ ಇಬ್ಬರು ಮಕ್ಕಳು ನನ್ನ ಕೈಯಲ್ಲಿ ಕಲಿತವರು. ಬಂದಾಗಲೇ ಯಜಮಾನರು ‘ನಮ್ಮ ಟೀಚರ್’ ಎಂದು ಕೈ ಮುಗಿದಿದ್ದರು. ನಾನು ತಟ್ಟೆಯಲ್ಲಿದ್ದ ಬೆಲ್ಲದ ತುಂಡನ್ನು ನೋಡುತ್ತ ಕೂತೆ.

“ನನ್ನ ಹೆಸರಿನಲ್ಲಿ ಬಂದದ್ದು ಅಂದ್ರೆ ಅದರ ಜವಾಬ್ದಾರಿ ನನ್ನದೇ ಅಜ್ಜ,” ಅಂದಳು ಅವಳು.

ಆಗಲೂ ಅವಳು ಸುಳ್ಳು ಹೇಳಲಿಲ್ಲ. ಬರೆದದ್ದು ನಾನು ಅನ್ನಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಯಜಮಾನರು ಎದ್ದು ನಿಂತರು. “ಊರಿಡೀ ಓದಿ ಆಯ್ತು. ನಮ್ಮ ಮನೆಯ ಹೆಸರು ಹಾಕಿ ಸುಳ್ಳು ಬರೆದೆಯಾ? ಇನ್ನು ನೀನು ಬನದ ಕಡೆ ಬರುದು ಬೇಡ. ಸೋಮವಾರದ ಕೆಲಸ ಸೋಮವಾರ ಆಗ್ತದೆ.”

ಅಷ್ಟಕ್ಕೆ ಅವಳ ಮೂರನೇ ಮಳೆಗಾಲ ಹೋಯಿತು. ಬನವೂ ಹೋಯಿತು ಎಂದೇ ನಾವು ತಿಳಿದೆವು. ದೊಡ್ಡಮ್ಮ ಬಾಗಿಲ ಹತ್ತಿರ ನಿಂತು ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು.

ಬಸ್‌ಸ್ಟಾಪಿನವರೆಗೆ ಬಿಸಿಲಲ್ಲಿ ನಡೆದೆವು. ಏನಾದರೂ ಬೈಯಲಿ ಎಂದು ಕಾದೆ. “ಬಸ್ಸು ಬಂತು ಟೀಚರ್” ಎಂದಷ್ಟೇ ಹೇಳಿ, ಹತ್ತುವಾಗ ನನ್ನ ಕೈಚೀಲವನ್ನು ತೆಗೆದುಕೊಂಡಳು. ಬಂಟ್ವಾಳದವರೆಗೂ ಅದನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಭಾನುವಾರ ನಾನೊಬ್ಬಳೇ ಹೋದೆ. ಯಜಮಾನರು ಯಾವುದೋ ಮದುವೆಗೆ ಹೋಗಿದ್ದರು. ದೊಡ್ಡಮ್ಮ ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ನಿಂತಲ್ಲಿಂದಲೇ ಹೇಳಿದೆ, ಕೂತರೆ ಮತ್ತೆ ಧೈರ್ಯ ಹೋದೀತೆಂದು. “ಆ ವಾಕ್ಯ ನನ್ನದು. ಊರಿನ ಹೆಸರು ಹಾಕಿದ್ದೂ ನಾನೇ. ಅವಳು ಬೇಡ ಅಂದಿದ್ದಳು.”

ಅವರು ಒಂದು ಹಪ್ಪಳವನ್ನು ಮಗುಚಿ ಹಾಕಿದರು. “ನಿನ್ನೆ ಯಾಕೆ ಹೇಳ್ಲಿಲ್ಲ?”

“ನಾಚಿಕೆ ಆಯ್ತು.”

“ಆ ಪೊಣ್ಣಿಗೆ ಆಗ್ಲಿಲ್ವಾ?”

ಅವರು ಚಾಪೆಯ ಮೇಲಿನ ಹಪ್ಪಳಗಳನ್ನೆಲ್ಲ ಮಗುಚಿ ಮುಗಿಸುವವರೆಗೂ ಹಾಗೆಯೇ ನಿಂತಿದ್ದೆ.

“ನನಗೆ ನಿನ್ನೆಯೇ ಅನುಮಾನ ಬಂದಿತ್ತು,” ಅಂದರು ಕೊನೆಗೆ. “ಎರಡು ಮಳೆಗಾಲ ಬಂದಿದ್ದಾಳೆ. ಆಗದ ದಿನ ಗೇಟಿನ ಹೊರಗೇ ನಿಂತು ಹೇಳಿ ಹೋಗ್ತಿದ್ದಳು. ನಾನು ಒಮ್ಮೆಯೂ ಕೇಳಿದವಳಲ್ಲ. ಅಂಥವಳು ಪೇಪರಿನಲ್ಲಿ ಸುಳ್ಳು ಬರೀತಾಳಾ? ನೀವು ಹೋಗಿ ಟೀಚರ್. ನಾಳೆಯದ್ದು ನಾಳೆ ನೋಡುವ.”

ಸೋಮವಾರ ಬೆಳಿಗ್ಗೆ ಅವಳು ಅಲ್ಲಿಗೆ ಹೋಗಿಯೇ ಹೋಗುತ್ತಾಳೆಂದು ನನಗೆ ಗೊತ್ತಿತ್ತು. ನಾನೂ ಹೋದೆ. ಒಳಗೆ ಬರಬಾರದು ಎಂದಿದ್ದರಲ್ಲ, ಅವಳು ಗೇಟು ದಾಟದೆ ರಸ್ತೆಯ ಮೋರಿಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮೊರ. ನಾನು ಹತ್ತಿರ ಹೋಗಿ, “ನಿನ್ನೆ ಬಂದು ಹೇಳಿದೆ” ಅಂದೆ.

“ಗೊತ್ತುಂಟು. ದೊಡ್ಡಮ್ಮ ಫೋನ್ ಮಾಡಿದ್ರು.”

ಅಲ್ಲಿಂದ ಬನ ಕಾಣುವುದಿಲ್ಲ, ಶಬ್ದ ಮಾತ್ರ ಕೇಳುತ್ತದೆ. ಒಂಬತ್ತು ಗಂಟೆಗೆ ಮೆಷಿನ್ ನಮ್ಮೆದುರೇ ಒಳಗೆ ಹೋಯಿತು. ಎಂಜಿನ್ನು ಗುರುಗುಟ್ಟಿತು. ಮರ ಮುರಿಯುವ ಶಬ್ದ ಒಂದು ಸಲ, ಎರಡು ಸಲ. ಪ್ರತಿ ಸಲವೂ ಅವಳ ಒಂದೊಂದು ಬೆರಳು ಮಡಚಿಕೊಳ್ಳುತ್ತಿತ್ತು. ಐದೂ ಮುಗಿದು ಎಡಗೈಗೆ ಬಂದಳು. ನಾನು ಅವಳ ಕೈ ಹಿಡಿಯಬೇಕೆಂದುಕೊಂಡೆ, ಹಿಡಿಯಲು ಮುಖವಿರಲಿಲ್ಲ. ಏಳನೇ ಬೆರಳಿಗೆ ಎಂಜಿನ್ನು ನಿಂತಿತು. ಊಟದ ಹೊತ್ತಲ್ಲ. ಡೀಸೆಲ್ ಮುಗಿದಿರಬೇಕೆಂದು ನಾನು ಹೇಳಿದೆ.

ಎಷ್ಟು ಹೊತ್ತಾಯಿತೋ, ದೊಡ್ಡಮ್ಮ ಕೋಲೂರಿಕೊಂಡು ಗೇಟಿಗೆ ಬಂದರು. “ಕಲ್ಲಿನ ಎದುರು ಭಾಗ ಮಾಡಿದ್ರು, ಸಾಕು. ಹಿಂದಿನ ಮರಬಳ್ಳಿಗೆ ಕೈ ಹಾಕುದು ನಾನು ಸತ್ತ ಮೇಲೆ ಅಂತ ಹೇಳಿದೆ. ಮಗನಿಗೂ ಫೋನಿನಲ್ಲಿ ಹೇಳಿ ಆಯ್ತು. ತಮ್ಮ ಸಿಟ್ಟಲ್ಲಿ ಉಂಟು, ಇರ್ಲಿ. ನೀನು ಬಾ ಮಗಾ, ಮೊರ ತಾ.”

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ನನ್ನನ್ನು ಯಾರೂ ಕರೆಯಲಿಲ್ಲ, ನಾನು ಮೋರಿಕಟ್ಟೆಯಲ್ಲೇ ಕೂತೆ.

ಮೂರನೇ ಮಳೆಗಾಲದ ಲೆಕ್ಕ ಅವಳಿಗೆ ಸಿಕ್ಕಿತು. ಕಟ್ಟೆ ಕಟ್ಟಿದ ಎದುರು ಭಾಗ ಮತ್ತು ಕಾಡು ಉಳಿದ ಹಿಂಭಾಗ ಎರಡನ್ನೂ ಹೋಲಿಸಿ ಪ್ರಬಂಧದಲ್ಲಿ ಒಂದು ಅಧ್ಯಾಯವನ್ನೇ ಸೇರಿಸಿದಳು. ಪತ್ರಿಕೆಗೂ ತಿದ್ದುಪಡಿ ಬರೆದು ಕಳಿಸಿದಳು. ಅದು ಒಂದು ಮೂಲೆಯಲ್ಲಿ ಎರಡು ಸಾಲು ಬಂತು, ಅವಳ ಹೆಸರಿನಲ್ಲಿ. ನನ್ನ ಹೆಸರು ಎಲ್ಲಿಯೂ ಬರಲಿಲ್ಲ. ಆಮೇಲೂ ಲೇಖನಗಳನ್ನು ನನಗೆ ಕಳಿಸುತ್ತಿದ್ದಳು. ನಾನು ಒತ್ತು, ದೀರ್ಘ ಮಾತ್ರ ಸರಿ ಮಾಡುತ್ತಿದ್ದೆ.

ಇಷ್ಟು ಬರೆದು ಅವಳಿಗೆ ಕಳಿಸಿದೆ. ತಪ್ಪಿದ್ದರೆ ಗುರುತು ಹಾಕು ಅಂದೆ. ಎರಡೇ ಕಡೆ ಗುರುತು ಹಾಕಿ ವಾಪಸು ಕಳಿಸಿದ್ದಾಳೆ.

ಮೊದಲನೆಯದು ನಾನು ‘ದೊಡ್ಡಮ್ಮನಿಂದಾಗಿ ಆ ಬಸವನಹುಳು ಉಳಿಯಿತು’ ಎಂದು ಬರೆದ ಕಡೆ. ಪಕ್ಕದಲ್ಲಿ ಹೀಗೆ ಬರೆದಿದ್ದಾಳೆ: ‘ನಾನು ನೋಡಿದ ಮಟ್ಟಿಗೆ ಮೂರನೇ ಮಳೆಗಾಲ ಇಡೀ ಹುಡುಕಿದಾಗ ಮೂರು ಸಿಕ್ಕಿದವು. ಹಿಂದೆ ಒಂದು ಮೊರದಲ್ಲೇ ಅಷ್ಟು ಸಿಗುತ್ತಿತ್ತು. ಉಳಿಯಿತಾ ಎಂದು ಗೊತ್ತಿಲ್ಲ.’

ಎರಡನೆಯದು ಬಸ್ಸಿನ ಪ್ರಸಂಗದ ಕೊನೆಗೆ. ‘ಅವಳು ಅವತ್ತೇ ನನ್ನನ್ನು ಕ್ಷಮಿಸಿದಳು’ ಎಂದು ನಾನು ಒಂದು ಸಾಲು ಬರೆದಿದ್ದೆ. ಅದರ ಕೆಳಗೆ ಗೆರೆ ಎಳೆದು ಬರೆದಿದ್ದಾಳೆ: ‘ಹಾಗೆ ಹೇಳಿದ ನೆನಪು ನನಗಿಲ್ಲ ಟೀಚರ್. ನಿಮ್ಮ ಚೀಲ ಹಿಡಿದುಕೊಂಡದ್ದು ನೆನಪುಂಟು.’

ಕೆಂಪು ಪೆನ್ನು ತೆಗೆದು ನನ್ನ ಎರಡೂ ಸಾಲುಗಳನ್ನು ಹೊಡೆದು ಹಾಕಿದ್ದೇನೆ. ಅವಳದ್ದನ್ನು ಮುಟ್ಟಿಲ್ಲ.